ಪಕ್ಕದವರ ಸಂಬಳ, ಪಕ್ಕದವರ ರಜೆ: ಹೋಲಿಸಬಾರದೆಂಬುದರ ಬಗ್ಗೆ

ಪಾಳಿ ಪಟ್ಟಿ ವಿಭಾಗ
(ಅಗ್ಗದ ಟಿಕೆಟ್ಟಿನ ವಿಮಾನ ಸಂಸ್ಥೆ, ವಿಮಾನಗಳಿಗೆ ನೀಲಿ ಬಾಲ)

ಸಂಖ್ಯೆ: ಪಾಪವಿ/ಹೋಲಿಕೆ/ವಾಂ.ಚೀ./07
ದಿನಾಂಕ: 13ನೇ ತಾರೀಖು
ಬರೆಯಲು ಆರಂಭಿಸಿದ ಸಮಯ: ಮಧ್ಯಾಹ್ನ 3.15

ಸುತ್ತೋಲೆ

ವಿಷಯ: ನಮ್ಮ ಪೈಲಟ್‌ಗಳು ತಮ್ಮ ಸಂಬಳ, ಪಾಳಿ ಹಾಗೂ ರಜೆಗಳನ್ನು ಹಸಿರು ಬಾಲದ ಸಂಸ್ಥೆಯ ಪೈಲಟ್‌ಗಳ ಸಂಬಳ, ಪಾಳಿ ಹಾಗೂ ರಜೆಗಳೊಂದಿಗೆ ಹೋಲಿಸುತ್ತಿರುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ:
1. ಆಸನ ಸಂಖ್ಯೆ 4ಸಿ ಮುಂದಿನ ಜೇಬಿನಲ್ಲಿ ದೊರೆತ ವಾಂತಿ ಚೀಲ.
2. ಸದರಿ ಚೀಲದ ಹಿಂಬದಿ.
3. ಕೆಳಸಹಿದಾರರ ಅತ್ತೆಯವರ ದೂರವಾಣಿ ಕರೆಗಳು (ಒಟ್ಟು ಒಂಬತ್ತು).

ಪ್ರಸ್ತಾವನೆ:

ಕಳೆದ ವಾರ ವಿಮಾನ ಗುಡಿಸುವ ಅಕ್ಕನವರು ಉಲ್ಲೇಖ (1)ರ ಚೀಲವನ್ನು ಈ ಕಚೇರಿಗೆ ತಂದು ಒಪ್ಪಿಸಿರುತ್ತಾರೆ. ಚೀಲವು ಅದೃಷ್ಟವಶಾತ್ ಖಾಲಿಯಿತ್ತು. ಅದರ ಹಿಂಬದಿಯಲ್ಲಿ ನಮ್ಮ ಸಂಸ್ಥೆಗೂ ಪಕ್ಕದ ಕೌಂಟರಿನ ಹಸಿರು ಬಾಲದ ಸಂಸ್ಥೆಗೂ (ಇನ್ನು ಮುಂದೆ ‘ಪಕ್ಕದವರು’) ಇರುವ ವ್ಯತ್ಯಾಸಗಳನ್ನು ಸ್ಕೇಲು ಹಿಡಿದು ಗೆರೆ ಎಳೆದು ಬರೆಯಲಾಗಿತ್ತು. ಹಾರಾಟದ ಗಂಟೆಗೆ ಕೊಡುವ ಸಂಬಳದಲ್ಲಿ ನಮ್ಮ ಸಂಸ್ಥೆಯೇ ಮುಂದಿದೆ ಎಂದು ಬರೆದವರು ಪ್ರಾಮಾಣಿಕವಾಗಿ ಒಪ್ಪಿಕೊಂಡಿರುವುದು ಸಂತೋಷದ ವಿಷಯ. ಆದರೆ ಅದರ ಕೆಳಗೆ, ಪಕ್ಕದವರ ಪಾಳಿ ಪಟ್ಟಿ ಒಂದು ತಿಂಗಳು ಮುಂಚೆಯೇ ಬರುತ್ತದೆ, ಪೈಲಟ್‌ಗಳು ತಮ್ಮತಮ್ಮಲ್ಲೇ ಪಾಳಿ ಬದಲಾಯಿಸಿಕೊಳ್ಳಬಹುದು, ರಜೆಯನ್ನು ಫೋನಿನಲ್ಲೇ ಹಾಕಬಹುದು ಎಂದು ನಮೂದಿಸಿ, ನಮ್ಮ ಅಂಕಣದಲ್ಲಿ ಏನನ್ನೂ ಬರೆಯದೆ ಚೀಲದ ಬಾಯಿಯ ಕಡೆಗೆ ಒಂದು ಬಾಣದ ಗುರುತು ಹಾಕಲಾಗಿರುತ್ತದೆ.

ಅಕ್ಷರ ಯಾರದೆಂದು ಕೆಳಸಹಿದಾರರು ನೋಡಿದ ತಕ್ಷಣ ಗುರುತಿಸಿರುತ್ತಾರೆ. ಅದು ನಮ್ಮದೇ ಸಂಸ್ಥೆಯ ಕ್ಯಾಪ್ಟನ್ ಒಬ್ಬರದು (ಇನ್ನು ಮುಂದೆ ‘ಸದರಿ ಕ್ಯಾಪ್ಟನ್’). ಸದರಿ ಕ್ಯಾಪ್ಟನ್ ಅವರು ಕೆಳಸಹಿದಾರರ ಕಿರಿಯ ನಾದಿನಿಯ ಗಂಡ, ಅಂದರೆ ಷಡ್ಡಕ. ಪಕ್ಕದವರ ವಿಮಾನ ಹಾರಿಸುವ ಇನ್ನೊಬ್ಬ ಕ್ಯಾಪ್ಟನ್ ಈ ಇಬ್ಬರಿಗೂ ಷಡ್ಡಕ. ಒಂದೇ ಮನೆಯ ಮೂವರು ಅಕ್ಕತಂಗಿಯರ ಗಂಡಂದಿರಾದ ಇವರಲ್ಲಿ ದೊಡ್ಡ ಅಳಿಯ ಕೆಳಸಹಿದಾರರು, ನಡು ಅಳಿಯ ಹಸಿರು ಬಾಲ, ಕಿರಿ ಅಳಿಯ ಸದರಿ ಕ್ಯಾಪ್ಟನ್. ಇದು ಕೇವಲ ಕೌಟುಂಬಿಕ ಸಂಗತಿಯಾಗಿದ್ದು, ಈ ಸುತ್ತೋಲೆಗೂ ಇದಕ್ಕೂ ಯಾವುದೇ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಲಾಗಿದೆ.

ನಾಳೆ 14ನೇ ತಾರೀಖು ಮಾವನವರಿಗೆ ಎಂಬತ್ತು ತುಂಬುತ್ತದೆ. ಮೂವರು ಅಳಿಯಂದಿರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬುದು ಅವರ ಆಸೆ. ನಡು ಅಳಿಯನಿಗೆ ಫೋನನ್ನು ಎರಡು ಸಲ ಒತ್ತಿದ್ದಕ್ಕೆ ರಜೆ ಸಿಕ್ಕಿರುತ್ತದೆ. ಸದರಿ ಕ್ಯಾಪ್ಟನ್ ಏಳು ತಿಂಗಳಲ್ಲಿ ಆರು ಅರ್ಜಿ ಕೊಟ್ಟಿದ್ದು, ಆರೂ ತಿರಸ್ಕೃತವಾಗಿವೆ. ಈ ಸಲವೂ ಸಿಗದಿದ್ದರೆ ಪಕ್ಕದವರನ್ನು ಸೇರುವುದಾಗಿ ಅವರು ತಿಳಿಸಿರುತ್ತಾರೆ. “ಸಂಬಳ ಜಾಸ್ತಿ ಕೊಡ್ತೀರಿ, ನಿಜ. ಅದನ್ನ ಖರ್ಚು ಮಾಡೋಕೆ ಒಂದು ದಿನಾನೂ ಕೊಡಿ” ಎಂಬುದು ಅವರ ಮಾತು. ಈ ವರ್ಷ ಈಗಾಗಲೇ ಹನ್ನೊಂದು ಮಂದಿ ಪೈಲಟ್‌ಗಳು ಹೋಗಿದ್ದಾರೆ. ಹನ್ನೆರಡನೆಯವರೂ ಹೋದಲ್ಲಿ ಪಾಳಿ ಪಟ್ಟಿಯಲ್ಲಿ ಹೆಸರುಗಳಿಗಿಂತ ವಿಮಾನಗಳೇ ಹೆಚ್ಚಾಗುತ್ತವೆ. ಆದಕಾರಣ, ರಜೆ ಕೊಡುವುದೊಂದನ್ನು ಬಿಟ್ಟು ಉಳಿದ ಎಲ್ಲ ಕ್ರಮಗಳನ್ನೂ ಕೈಗೊಳ್ಳಲು ತೀರ್ಮಾನಿಸಿ, ತಕ್ಷಣದಿಂದ ಜಾರಿಗೆ ಬರುವಂತೆ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ವಾಂತಿ ಚೀಲಗಳು: ಇನ್ನು ಮುಂದೆ ಎಲ್ಲ ವಾಂತಿ ಚೀಲಗಳು ಒಳಗೂ ಹೊರಗೂ ಕಪ್ಪಾಗಿರತಕ್ಕದ್ದು. ಚೀಲ ಕೇಳುವ ಪ್ರಯಾಣಿಕರು ತಮಗೆ ಬರೆಯುವ ಉದ್ದೇಶವಿಲ್ಲವೆಂದು ಮುಚ್ಚಳಿಕೆ ಬರೆದುಕೊಡತಕ್ಕದ್ದು. ತುರ್ತು ಸಂದರ್ಭಗಳಲ್ಲಿ ಮುಚ್ಚಳಿಕೆಯನ್ನು ನಂತರ ಪಡೆಯಬಹುದು. ಬಳಸಿದ ಚೀಲಗಳನ್ನು ಪರಿಶೀಲನೆಗಾಗಿ ಈ ಕಚೇರಿಗೆ ಕಳುಹಿಸಬೇಕಾಗಿಲ್ಲವೆಂದು ಈಗಾಗಲೇ ಮೂರು ಬಾರಿ ತಿಳಿಸಲಾಗಿದೆ.

2. ಚಹಾ ಯಂತ್ರ: ಎರಡು ಕೌಂಟರುಗಳ ನಡುವೆ ಇರುವ ಚಹಾ ಯಂತ್ರವೇ ಹೋಲಿಕೆಯ ತವರುಮನೆ ಎಂಬುದು ದೃಢಪಟ್ಟಿದೆ. ಆದ್ದರಿಂದ ಯಂತ್ರದ ಬಳಿ ನಿಲ್ಲುವ ಸಮಯವನ್ನು ಹಂಚಲಾಗಿದೆ. ವಿಶೇಷವಾಗಿ ಸಂಜೆ 5.00ರಿಂದ 5.10ರವರೆಗೆ ಯಂತ್ರವು ಪಕ್ಕದವರದು. ಆ ವೇಳೆಯಲ್ಲಿ ನಮ್ಮ ಯಾವುದೇ ನೌಕರರು, ಅವರ ದರ್ಜೆ ಏನೇ ಇರಲಿ, ಅತ್ತ ಸುಳಿಯತಕ್ಕದ್ದಲ್ಲ.

ಅಕಸ್ಮಾತ್ ಎದುರಾದಲ್ಲಿ ಹವಾಮಾನವನ್ನು ಕುರಿತು ಮಾತ್ರ ಮಾತನಾಡಬಹುದು ಎಂಬ ಹಿಂದಿನ ವಿನಾಯಿತಿಯನ್ನು ಹಿಂಪಡೆಯಲಾಗಿದೆ. ಕಾರಣ, ನಡು ಅಳಿಯನವರು ಲೋಟ ಹಿಡಿದುಕೊಂಡು, “ಮೊನ್ನೆ ಮಳೆ ಬಂತಲ್ಲ, ನಾನು ಮನೇಲೇ ಇದ್ದೆ. ಮಗಳ ಜೊತೆ ಕಾಗದದ ದೋಣಿ ಬಿಟ್ಟೆ” ಎಂದಿರುತ್ತಾರೆ. ಇದನ್ನು ಕೇಳಿದ ನಮ್ಮ ಮೂವರು ಪೈಲಟ್‌ಗಳು ಚಹಾ ಬಿಟ್ಟು ಎದ್ದುಹೋಗಿದ್ದು, ಅವರಲ್ಲೊಬ್ಬರು ಮನೆಗೆ ಫೋನು ಮಾಡಿ ತಮ್ಮ ಮಗಳು ಈಗ ಎಷ್ಟನೇ ತರಗತಿ ಎಂದು ವಿಚಾರಿಸಿರುತ್ತಾರೆ. ಇಂಥ ಮುಜುಗರ ತಪ್ಪಿಸಲು ಇನ್ನು ಮುಂದೆ ಮಕ್ಕಳ ತರಗತಿಯನ್ನು ಪಾಳಿ ಪಟ್ಟಿಯ ಹಿಂಬದಿಯಲ್ಲಿ ಮುದ್ರಿಸಲಾಗುವುದು.

3. ನಿದ್ದೆಯಾದ ಮುಖ: ಬಾಯಿ ಬಿಡದೆಯೂ ಹೋಲಿಕೆ ನಡೆಯುತ್ತದೆ. ಪಕ್ಕದವರ ಕೆಲವು ಪೈಲಟ್‌ಗಳು ಚೆನ್ನಾಗಿ ನಿದ್ದೆಯಾದ ಮುಖ ಹೊತ್ತು ರಾಜಾರೋಷವಾಗಿ ಓಡಾಡುತ್ತಿರುವುದು ಗಮನಕ್ಕೆ ಬಂದಿದೆ. ಅಂಥ ಮುಖ ಎದುರಾದಾಗ ನಮ್ಮವರು ಕೂಡಲೇ ನೆಲ ನೋಡತಕ್ಕದ್ದು. ನೆಲ ನೋಡುತ್ತ ನೋಡುತ್ತ ನಿದ್ದೆ ಹೋದಲ್ಲಿ ಅದನ್ನು ರಜೆಯೆಂದು ಪರಿಗಣಿಸಲಾಗುವುದಿಲ್ಲ.

4. ಗಾದೆ: ನೈತಿಕ ಸ್ಥೈರ್ಯಕ್ಕಾಗಿ ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಪ್ರತಿ ಕಾಕ್‌ಪಿಟ್‌ನಲ್ಲೂ ಅಂಟಿಸತಕ್ಕದ್ದು. ಬೆಟ್ಟ ಹತ್ತಿರ ಬಂದಾಗ ಮಾತ್ರ ಗಾದೆಯನ್ನು ನಂಬಿಕೊಂಡು ಕೂರದೆ ಎತ್ತರ ಹೆಚ್ಚಿಸತಕ್ಕದ್ದು.

5. ಅಧಿಕೃತ ಹೋಲಿಕೆ: ಹೋಲಿಸಲೇಬೇಕೆಂಬ ಚಟವಿರುವವರು ಮುಖ್ಯ ಪೈಲಟ್ ಅವರು ಸಿದ್ಧಪಡಿಸಿರುವ ಅಧಿಕೃತ ಹೋಲಿಕೆಯನ್ನಷ್ಟೇ ಬಳಸತಕ್ಕದ್ದು. ಅದರ ಸಾರಾಂಶ ಹೀಗಿದೆ: ಪಕ್ಕದವರ ಪಟ್ಟಿ ಒಂದು ತಿಂಗಳು ಮುಂಚೆ ಬಂದು ಕಲ್ಲಿನಂತೆ ಕೂತುಬಿಡುತ್ತದೆ. ನಮ್ಮ ಪಟ್ಟಿ ಹಿಂದಿನ ದಿನ ಸಂಜೆ ಬಂದು, ಆಮೇಲೂ ನಾಲ್ಕು ಸಲ ಬದಲಾಗುವ ಶಕ್ತಿ ಹೊಂದಿದೆ. ನಾಳೆ ಎಲ್ಲಿರುತ್ತೇವೆ ಎಂದು ತಿಳಿಯದಿರುವುದರಿಂದ ಬದುಕಿನಲ್ಲಿ ಕುತೂಹಲ ಉಳಿಯುತ್ತದೆ. ಮುಖ್ಯ ಪೈಲಟ್ ಅವರು ತಿಂಗಳಿಗೆ ಎರಡೇ ಬಾರಿ, ತಾವೇ ಆರಿಸಿದ ದಿನಗಳಲ್ಲಿ ಹಾರುತ್ತಾರೆ.

6. ಷಡ್ಡಕರು: ಷಡ್ಡಕ ಎಂಬವನು ಅತ್ತೆಮನೆಯವರ ಕೈಗೆ ದೇವರೇ ಕೊಟ್ಟ ಅಳತೆಗೋಲು. ಆದ್ದರಿಂದ ನಮ್ಮ ಪೈಲಟ್‌ಗಳು ಪೂರ್ವಾನುಮತಿಯಿಲ್ಲದೆ ಷಡ್ಡಕರನ್ನು ಹೊಂದತಕ್ಕದ್ದಲ್ಲ. ಈಗಾಗಲೇ ಹೊಂದಿರುವವರು ಅವರ ಸಂಖ್ಯೆ, ಉದ್ಯೋಗ ಮತ್ತು ವಾರ್ಷಿಕ ರಜೆಗಳನ್ನು ಹದಿನೈದು ದಿನಗಳೊಳಗೆ ಘೋಷಿಸತಕ್ಕದ್ದು. ಮದುವೆಯಾಗದ ಪೈಲಟ್‌ಗಳು ಒಬ್ಬಳೇ ಮಗಳಿರುವ ಮನೆಯನ್ನು ನೋಡಿಕೊಳ್ಳುವುದು ಒಳಿತು. ಮಹಿಳಾ ಪೈಲಟ್‌ಗಳು ‘ಷಡ್ಡಕ’ ಎಂದಿರುವ ಕಡೆಯಲ್ಲೆಲ್ಲ ‘ಓರಗಿತ್ತಿ’ ಎಂದು ಓದಿಕೊಳ್ಳತಕ್ಕದ್ದು.

7. ಕುರ್ಚಿ, ಟೋಪಿ ಮತ್ತು ಸ್ವೆಟರ್: ಹದಿನಾಲ್ಕು ವರ್ಷಗಳ ಹಿಂದೆ ಕೆಳಸಹಿದಾರರು ಅತ್ತೆಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಕಚೇರಿಯಿಂದ ಕರೆ ಬಂದು ಅರ್ಧಕ್ಕೇ ಎದ್ದು ಬಂದಿದ್ದು, ಅವಸರದಲ್ಲಿ ತಮ್ಮ ಹಳದಿ ಸ್ವೆಟರನ್ನು ಕುರ್ಚಿಯ ಮೇಲೆಯೇ ಬಿಟ್ಟುಬಂದಿರುತ್ತಾರೆ. ಅಂದಿನಿಂದ ಆ ಮನೆಯಲ್ಲಿ ತೆಗೆದ ಪ್ರತಿಯೊಂದು ಫೋಟೋದಲ್ಲೂ ದೊಡ್ಡ ಅಳಿಯನ ಕುರ್ಚಿಗೆ ಸದರಿ ಸ್ವೆಟರನ್ನು ತೊಡಿಸಲಾಗಿದೆ. ಕಿರಿ ಅಳಿಯನ ಕುರ್ಚಿಯ ಮೇಲೆ ಒಂದು ಟೋಪಿ ಇರುತ್ತದೆ. ನಡು ಅಳಿಯ ಮಾತ್ರ ಸ್ವತಃ ಇದ್ದು, ಎಲ್ಲ ಫೋಟೋಗಳಲ್ಲೂ ಹಲ್ಲು ಕಾಣುವಂತೆ ನಕ್ಕಿರುತ್ತಾರೆ.

ಅತ್ತೆಯವರು ಐದನೇ ಕರೆಯಲ್ಲಿ, “ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ನೀವು ಅದೇ ಆದ್ರಿ. ನಿಮಗಿಂತ ಈ ಸ್ವೆಟರೇ ವಾಸಿ ಕಣಪ್ಪ, ಕರೆದಾಗಲೆಲ್ಲ ಬರುತ್ತೆ” ಎಂದು ತಿಳಿಸಿರುತ್ತಾರೆ. ಇದು ವ್ಯಕ್ತಿ ಮತ್ತು ವಸ್ತುವಿನ ನಡುವಿನ ಹೋಲಿಕೆಯಾದ್ದರಿಂದ ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಕೆಳಸಹಿದಾರರಿಗೆ ತುಂಬ ಬೇಸರವಾಯಿತೆಂದು ದಾಖಲಿಸಲಾಗಿದೆ.

8. ರೇಡಿಯೋ: ಕಚೇರಿಯ ರೇಡಿಯೋದಲ್ಲಿ ‘ಭಾವ’ ಎಂಬ ಪದದ ಬಳಕೆಯನ್ನು ನಿಷೇಧಿಸಲಾಗಿದೆ. ನಿನ್ನೆ ಇಳಿಯುವ ಹಂತಕ್ಕೆ ಮುಂಚೆ ಸದರಿ ಕ್ಯಾಪ್ಟನ್ ಅವರು, “ಭಾವ, ಹದಿನಾಲ್ಕರದ್ದು ಏನಾಯ್ತು? ಮಾವನ ಮನೆ ಮೇಲೇ ಇದೀವಿ. ಅತ್ತೆ ನಿಮ್ಮ ಸ್ವೆಟರ್ ಒಗೆದು ಒಣ ಹಾಕಿದಾರೆ” ಎಂದು ಸಂದೇಶ ಕಳುಹಿಸಿರುತ್ತಾರೆ. ಆ ಎತ್ತರದಿಂದ ಸ್ವೆಟರ್ ಕಾಣುವುದು ಅಸಾಧ್ಯವೆಂದು ತಾಂತ್ರಿಕ ವಿಭಾಗವು ವರದಿ ನೀಡಿದೆ. ಅತ್ತೆಯವರನ್ನು ವಿಚಾರಿಸಲಾಗಿ, ಒಣ ಹಾಕಿದ್ದು ನಿಜವೆಂದು ತಿಳಿದುಬಂದಿದೆ.

9. ರಜೆ ಅರ್ಜಿಯ ಸಮಯ: ರಜೆಯನ್ನು ಎಂದೂ ನಿರಾಕರಿಸಿಲ್ಲವೆಂದು ಈ ಮೂಲಕ ಮತ್ತೊಮ್ಮೆ ತಿಳಿಯಪಡಿಸಲಾಗಿದೆ. ಅರ್ಜಿಗಳು ಸಮಯಕ್ಕೆ ಬಂದಿರುವುದಿಲ್ಲ, ಅಷ್ಟೆ. ನಾಳೆಯ ಪಾಳಿ ಪಟ್ಟಿ ಇಂದು ಸಂಜೆ 5.00ಕ್ಕೆ ಪ್ರಕಟವಾಗುತ್ತದೆ. ಅಲ್ಲಿಯವರೆಗೆ ದಾಖಲೆಯ ಪ್ರಕಾರ ನಾಳೆ ಎಂಬುದೇ ಇರುವುದಿಲ್ಲವಾದ್ದರಿಂದ ಅದಕ್ಕೆ ಮುಂಚೆ ಬಂದ ಅರ್ಜಿ ಅವಧಿಪೂರ್ವ. 5.05ಕ್ಕೆ ರಜೆಯ ಮಟ್ಟಿಗೆ ಪಟ್ಟಿಗೆ ಬೀಗ ಬೀಳುವುದರಿಂದ ಆಮೇಲೆ ಬಂದದ್ದು ವಿಳಂಬ. ಸದರಿ ಕ್ಯಾಪ್ಟನ್ ಅವರ ಆರು ಅರ್ಜಿಗಳಲ್ಲಿ ನಾಲ್ಕು ಅವಧಿಪೂರ್ವ. ಬೇರೆ ತಾರೀಖುಗಳಿಗೆ ಕೇಳಿದ್ದ ಎರಡು ವಿಳಂಬ. ಉಳಿದ ಐದು ನಿಮಿಷಗಳಲ್ಲಿ ಯಾರು ಬೇಕಾದರೂ ಅರ್ಜಿ ಕೊಡಬಹುದಾಗಿದ್ದು, ಅರ್ಜಿ ನೇರವಾಗಿ ಕೆಳಸಹಿದಾರರ ಕೈಸೇರಿದಲ್ಲಿ ಅದನ್ನು ಮಂಜೂರು ಮಾಡದೆ ವಿಧಿಯಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಹಾಗೆ ಯಾರೂ ಕೊಟ್ಟಿಲ್ಲ. ಏಕೆಂದರೆ ಆ ಐದು ನಿಮಿಷ ಕೆಳಸಹಿದಾರರು ಚಹಾ ಯಂತ್ರದ ಬಳಿ ಇರುತ್ತಾರೆ.

10. ಮೇಲಿನ ಕಲಂ ಬರೆದು ಮುಗಿಸುವಷ್ಟರಲ್ಲಿ ಗಡಿಯಾರ ಐದು ಬಾರಿಸಿರುತ್ತದೆ. ಕೆಳಸಹಿದಾರರು ಲೋಟ ಹಿಡಿದು ಎದ್ದು, ಇದೇ ಸುತ್ತೋಲೆಯ ಕಲಂ 2 ಜಾರಿಯಲ್ಲಿರುವುದು ನೆನಪಾಗಿ, ಲೋಟ ಹಿಡಿದೇ ಕೂತಿರುತ್ತಾರೆ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದಕ್ಕೆ ಯಾವ ನಮೂನೆಯಲ್ಲಿ ಅರ್ಜಿ ಹಾಕಬೇಕೆಂಬುದು ನಿಯಮಗಳಲ್ಲಿ ಇರುವುದಿಲ್ಲ.

11. ಸಮಯ 5.02. ಸದರಿ ಕ್ಯಾಪ್ಟನ್ ಅವರು ಬಾಗಿಲಲ್ಲಿ ನಿಂತಿದ್ದಾರೆ. ಅವರ ಒಂದು ಕೈಯಲ್ಲಿ ರಜೆ ಅರ್ಜಿ, ಇನ್ನೊಂದರಲ್ಲಿ ರಾಜೀನಾಮೆ ಪತ್ರ, ಕಂಕುಳಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣ. ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಭಾವ, ಎರಡು ಕಾಗದ ತಂದಿದೀನಿ. ಒಂದಕ್ಕೆ ಸಹಿ ಹಾಕಿ. ಯಾವುದಕ್ಕೆ ಅಂತ ನೀವೇ ನೋಡಿ. ಇದು ಅತ್ತೆ ಕೊಟ್ಟಿದ್ದು.” ಪೊಟ್ಟಣ ಬಿಚ್ಚಲಾಗಿ ಹಳದಿ ಸ್ವೆಟರ್ ಕಂಡುಬಂದಿದೆ. ಒಗೆದು, ಮಡಿಸಿ, ಹರಿದಿದ್ದ ಮೊಣಕೈಗೆ ಹೊಲಿಗೆ ಹಾಕಲಾಗಿದೆ. ಅದರ ಜೇಬಿನಲ್ಲಿದ್ದ ಚೀಟಿಯಲ್ಲಿ ಅತ್ತೆಯವರ ಕೈಬರಹದಲ್ಲಿ, “ಈ ಸಲ ಇದರೊಳಗೆ ಮನುಷ್ಯನೂ ಇದ್ದರೆ ಚೆನ್ನಾಗಿತ್ತು” ಎಂದು ಬರೆದಿದೆ.

12. ಸಮಯ 5.03. ಸದರಿ ಕ್ಯಾಪ್ಟನ್ ಅವರ ರಜೆ ಮಂಜೂರಾಗಿದೆ. ರಾಜೀನಾಮೆ ಪತ್ರವನ್ನು ಒಂದು ವಾಂತಿ ಚೀಲದಲ್ಲಿ ಹಾಕಿ ಸೂಕ್ತ ರೀತಿಯಲ್ಲಿ ವಿಲೇವಾರಿ ಮಾಡಲಾಗಿದೆ. ನಾಳೆ ಬೆಳಿಗ್ಗೆ 6.20ರ ವಿಮಾನಕ್ಕೆ, ಬದುಕಿನಲ್ಲಿ ಕುತೂಹಲ ಉಳಿಯಲೆಂಬ ಸದುದ್ದೇಶದಿಂದ, ಮುಖ್ಯ ಪೈಲಟ್ ಅವರನ್ನು ನೇಮಿಸಲಾಗಿದೆ.

13. ಸಮಯ 5.04. ಕೆಳಸಹಿದಾರರು ಇದುವರೆಗೆ ಒಂದು ದಿನವೂ ರಜೆ ಕೇಳಿದವರಲ್ಲ. ಕೇಳಿದರೆ ಕೊಡುವವರು ತಾವೇ ಆಗಿದ್ದು, ತಾವು ಕೊಡುವವರಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಈಗ ಅರ್ಜಿ ಬರೆದು, ಸ್ವೀಕರಿಸಿ, ಒಮ್ಮೆ ಗದರಿಸಿ, ಮಂಜೂರು ಮಾಡಲಾಗಿದೆ. ನಾಳೆಯ ಪ್ರಭಾರವನ್ನು ವಿಭಾಗದ ಸಹಾಯಕಿಯವರಿಗೆ ವಹಿಸಲಾಗಿದೆ. ಸುತ್ತೋಲೆಯ ಉಳಿದ ಕಲಂಗಳನ್ನು ನಾಡಿದ್ದು ಬರೆಯಲಾಗುವುದು, ನೆನಪಿದ್ದಲ್ಲಿ.

(ಸಹಿ/-)
ಪಾಳಿ ಪಟ್ಟಿ ಅಧೀಕ್ಷಕರು
ಹಾಗೂ ದೊಡ್ಡ ಅಳಿಯ

ಪ್ರತಿಗಳು:
1. ಮುಖ್ಯ ಪೈಲಟ್ ಅವರಿಗೆ, ಅಲಾರಾಂ ಇಟ್ಟುಕೊಳ್ಳುವ ಕೋರಿಕೆಯೊಂದಿಗೆ.
2. ವಿಮಾನ ಗುಡಿಸುವ ಅಕ್ಕನವರಿಗೆ, ವಂದನೆಗಳೊಂದಿಗೆ.
3. ಚಹಾ ಯಂತ್ರದ ಎಡಬದಿಗೆ, ಅಂಟಿಸಲು. ಬಲಬದಿ ಪಕ್ಕದವರದು.
4. ನಡು ಅಳಿಯನವರಿಗೆ, ಅವರ ಸಂಸ್ಥೆಯಲ್ಲಿ ಪಾಳಿ ಅಧೀಕ್ಷಕರಿಗೆ ಸಂಬಳವೆಷ್ಟು, ರಜೆಯೆಷ್ಟು ಎಂಬುದನ್ನು ನಾಳೆ ಊಟವಾದ ಮೇಲೆ ಬಾಯಿಮಾತಿನಲ್ಲಿ ತಿಳಿಸಲು. ಇದನ್ನು ಹೋಲಿಕೆ ಎಂದು ಭಾವಿಸತಕ್ಕದ್ದಲ್ಲ.
5. ಅತ್ತೆಯವರಿಗೆ, ಮೂರು ಕುರ್ಚಿಗಳ ಬಗ್ಗೆ ಅಗತ್ಯ ಕ್ರಮಕ್ಕಾಗಿ.
6. ಹಳದಿ ಸ್ವೆಟರಿಗೆ: ದೊಡ್ಡ ಅಳಿಯನ ಹುದ್ದೆಯಲ್ಲಿ ಹದಿನಾಲ್ಕು ವರ್ಷ ಸಲ್ಲಿಸಿದ ಪ್ರಭಾರ ಸೇವೆಯನ್ನು ಶ್ಲಾಘಿಸಿ, ನಾಳೆ ಬೆಳಿಗ್ಗೆಯಿಂದ ಕರ್ತವ್ಯದಿಂದ ಬಿಡುಗಡೆ ಮಾಡಲಾಗಿದೆ.