ಉಮ್ಮನ ನಿದ್ದೆ ಮತ್ತು ನನ್ನ ಐದು ವ್ಯಾಟ್

ಬೇರೆಯವರು ಫ್ರಿಜ್ ತರಲು ಹೋದರೆ ಫ್ರಿಜ್ ತರುತ್ತಾರೆ. ನಾನು ಏನು ತರಲು ಹೋದರೂ ಮೊದಲು ಮಂಡೆಬಿಸಿ ತರುತ್ತೇನೆ, ಸಾಮಾನು ಹಿಂದಿನಿಂದ ಬರುತ್ತದೆ.

ಈ ಸಲದ್ದು ಗಿಟಾರಿನ ಆಂಪ್ಲಿಫೈಯರ್. ನಾನು ವಾಮದಪದವಿನ ಕಡೆ ಗಣಿತದ ಮಾಸ್ಟ್ರು. ನಲವತ್ತು ದಾಟಿದ ಮೇಲೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಯಿತು. ಹಳೇ ರೇಡಿಯೋದೊಳಗೆ ಕೆಂಪಗೆ ಉರಿಯುತ್ತಿದ್ದವಲ್ಲ, ಅಂಥ ಗಾಜಿನ ವಾಲ್ವ್ ಇರುವ ಸಣ್ಣ ಆಂಪ್ಲಿಫೈಯರೇ ಆಗಬೇಕೆಂದು ಹಟ. ಅದರ ನಾದದಲ್ಲಿ ಒಂದು ಬಿಸುಪು ಉಂಟು. ಆದರೆ ನಾವಿರುವುದು ಬಂಟ್ವಾಳದಲ್ಲಿ, ಹಾಜಿಯವರ ಮನೆಯ ಕೆಳಗಿನ ಬಾಡಿಗೆ ಭಾಗದಲ್ಲಿ. ಮಾಳಿಗೆಯಲ್ಲಿ ಹಾಜಿಯವರು ಮತ್ತು ಅವರ ತಾಯಿ. ಎಲ್ಲರೂ ಆಕೆಯನ್ನು ಉಮ್ಮ ಎನ್ನುತ್ತಾರೆ.

"ಮಧ್ಯಾಹ್ನ ಉಮ್ಮನ ನಿದ್ದೆ ಕೆಟ್ಟರೆ ಬೇರೆ ಮಾತಿಲ್ಲ ಮಾಸ್ಟ್ರೆ, ಮನೆ ಖಾಲಿ" ಎಂದು ಹಾಜಿಯವರು ಮೊದಲೇ ಹೇಳಿದ್ದರು. ಬೇಸಗೆಯಲ್ಲೂ ಬಾವಿ ಬತ್ತದ ಮನೆ, ಮಗಳ ಶಾಲೆ ಎದುರಿಗೇ. "ಈ ಮನೆ ಹೋದರೆ ನೀವೂ ನಿಮ್ಮ ಗಿಟಾರೂ ಬಸ್‌ಸ್ಟ್ಯಾಂಡಿಗೆ" ಎಂದಳು ಹೆಂಡತಿ.

೧. ವಯರು ಎಂತಕ್ಕೆ?

ಮೊದಲು ಹೋದದ್ದು ಬೆಳ್ತಂಗಡಿಯ ಒಂದು ಅಂಗಡಿಗೆ. ಅವರು ಮದುವೆಯಿಂದ ಯಕ್ಷಗಾನದವರೆಗೆ ಸೌಂಡ್ ಕೊಡುವವರು.

"ಎಷ್ಟು ವ್ಯಾಟಿನದ್ದು ಬೇಕು?"

"ಐದು."

"ಐದಾ? ನಮ್ಮ ಹಟ್ಟಿಯ ಬಲ್ಬು ಐದು ವ್ಯಾಟ್ ಮಾಸ್ಟ್ರೆ. ದನಕ್ಕೇ ಸಾಕಾಗುದಿಲ್ಲ."

ನಾನು ಬೇಡ ಬೇಡ ಎನ್ನುವಾಗಲೇ ನನ್ನ ಗಿಟಾರನ್ನು ಕಪಾಟಿನಷ್ಟು ಎತ್ತರದ ಪೆಟ್ಟಿಗೆಗೆ ಸಿಕ್ಕಿಸಿದರು. ನನಗೆ ಬರುವುದು ಒಂದು ಹಾಡಿನ ಮೊದಲ ತುಂಡು ಮಾತ್ರ. ಅದನ್ನೇ ಬಾರಿಸಿದೆ. ಹೊರಟಿದ್ದ ಬಸ್ಸು ನಿಂತಿತು.

"ಎಂಥ ಕ್ಲಿಯರ್ ನೋಡಿ!"

"ಅಯ್ಯೋ ಮಾರಾಯ್ರೆ, ಯಾರಿಗೂ ಕೇಳಬಾರದು!"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಯಾರಿಗೂ ಕೇಳಬಾರದು ಅಂತಾದರೆ ವಯರು ಎಂತಕ್ಕೆ ಸಿಕ್ಕಿಸುವುದು?"

೨. ಕರಕರ

ಮೂಡುಬಿದಿರೆಯಲ್ಲಿ ಇಗರ್ಜಿಯ ಹಾಡಿನ ತಂಡಕ್ಕೆ ಗಿಟಾರ್ ಬಾರಿಸುವ ಒಬ್ಬರು ತಮ್ಮ ಸಣ್ಣ ವಾಲ್ವ್ ಸೆಟ್ಟನ್ನು ಮಾರುತ್ತಾರೆಂದು ತಿಳಿದು ಓಡಿದೆ. ಬಾರಿಸಿದೆ. ಪ್ರತಿ ಸಲವೂ ಒಂದೇ ಜಾಗದಲ್ಲಿ ಕರಕರ. ಕ್ರಯ ಇಳಿಸಲು ಒಳ್ಳೇ ದಾರಿ ಸಿಕ್ಕಿತೆಂದು ಒಳಗೊಳಗೇ ಖುಷಿ.

"ಸೆಟ್ಟಿಗೆ ಎಂತದೋ ಆಗಿದೆಯಲ್ಲ?"

ಅವರು ಗಿಟಾರ್ ತೆಗೆದುಕೊಂಡು ಅದೇ ತುಂಡನ್ನು ಬಾರಿಸಿದರು. ಜೇನು. ನನಗೆ ಕೊಟ್ಟರು. ಕರಕರ.

"ಈ ಕರಕರ ನೀವು ಬಂಟ್ವಾಳದಿಂದಲೇ ತಂದದ್ದು ಮಾಸ್ಟ್ರೆ" ಎಂದರು. "ಹೋಗಲಿ, ಮುಂದಿನದ್ದು ಬಾರಿಸಿ."

"ಮುಂದಿನದ್ದು ಕಲಿತಿಲ್ಲ."

ಅವರು ಸೆಟ್ಟನ್ನು ಒಮ್ಮೆ ಸವರಿ, ಮೆಲ್ಲನೆ ಬಟ್ಟೆ ಹೊದೆಸಿದರು. "ಪಾಪ, ಇದು ನನ್ನ ಹತ್ತಿರವೇ ಇರಲಿ."

೩. ಒಂಟೆಯ ಎಡಬಲ

ಕೊನೆಗೆ ಕಾಪಾಡಿದ್ದು ಹಾಜಿಯವರ ಮಗ. ದುಬೈಯಲ್ಲಿ ಯಾರೋ ಬಳಸಿದ ಐದು ವ್ಯಾಟಿನದ್ದನ್ನು ನನ್ನ ಕೈಗೆಟುಕುವ ಕ್ರಯಕ್ಕೆ ಹಿಡಿದು, ರಜೆಗೆ ಬರುವಾಗ ಹೊತ್ತು ತಂದ. "ಮಗ ತಂದದ್ದೂಂತ ಉಮ್ಮನ ನಿದ್ದೆಯ ವಿಷಯದಲ್ಲಿ ರಿಯಾಯಿತಿ ಇಲ್ಲ" ಎಂದರು ಹಾಜಿಯವರು.

ಸ್ವಿಚ್ ಹಾಕಿದೆ. ಉಸಿರಿಲ್ಲ. ಹಿಂದೆ ಬಗ್ಗಿ ನೋಡಿದರೆ ವಾಲ್ವುಗಳೇ ಇಲ್ಲ!

"ಗಾಜಲ್ವಾ, ಒಡೆಯುವುದು ಬೇಡಾಂತ ಕಿತ್ತು ಮಕ್ಕಳ ಅಂಗಿಯಲ್ಲಿ ಸುತ್ತಿದ್ದೆ" ಎಂದ ಮಗ.

ಎಂತ ಸಾವು ಮಾರಾಯ! ಗಲ್ಫಿನ ಪೆಟ್ಟಿಗೆ ಬಿಚ್ಚಿ ನೆಂಟರಿಗೆಲ್ಲ ಹಂಚುವ ಅಧಿಕಾರ ಆ ಮನೆಯಲ್ಲಿ ಉಮ್ಮನದ್ದು. ಅಂಗಿಗಳು ಆಗಲೇ ಬೆಳ್ತಂಗಡಿ, ಉಜಿರೆ ಸೇರಿದ್ದವು. ಮಾಳಿಗೆಗೆ ಓಡಿದೆ. ವಾಲ್ವುಗಳು ಶೋಕೇಸಿನಲ್ಲಿದ್ದವು, ಬೊಂಬೆ ಒಂಟೆಯ ಎಡಕ್ಕೊಂದು, ಬಲಕ್ಕೊಂದು.

"ಮೊಮ್ಮಗ ತಂದ ಅತ್ತರು" ಎಂದರು ಉಮ್ಮ. "ಮುಚ್ಚಳವೇ ತೆಗೆಯಲಿಕ್ಕೆ ಬರುದಿಲ್ಲ. ಆದರೂ ಚಂದ ಉಂಟು. ಕೊಡುದಿಲ್ಲ."

ಅತ್ತರಲ್ಲ ಎಂದು ಮೊಮ್ಮಗ ಹೇಳಿದ, ನಾನು ಕೈಮುಗಿದೆ. ಉಮ್ಮ ಜಗ್ಗಲಿಲ್ಲ. ಒಂಟೆಯ ಪಕ್ಕ ಖಾಲಿ ಬಿಡಲಿಕ್ಕಾಗುವುದಿಲ್ಲವಂತೆ. ಕಡೆಗೆ ಹೆಂಡತಿ ತವರಿನಿಂದ ತಂದ ಎರಡು ಪಿಂಗಾಣಿ ಬಾತುಕೋಳಿಗಳನ್ನು ಕೊಟ್ಟು ಬಿಡಿಸಿಕೊಂಡೆ. ಈಗ ಮರುಭೂಮಿಯ ಒಂಟೆ ಬಾತುಕೋಳಿಗಳ ನಡುವೆ ನಿಂತಿದೆ, ಹೆಂಡತಿ ಅಂದೇ ನನ್ನೊಡನೆ ಮಾತು ಬಿಟ್ಟಳು.

೪. ಹಾಜಿಯವರು ಇಳಿದು ಬಂದರು

ಆಮೇಲೆ ಬೇಸಗೆ ರಜೆ; ಬೆಳಿಗ್ಗೆ ಸಂಜೆ ಟ್ಯೂಷನ್, ಪುರುಸೊತ್ತು ಸಿಗುವುದು ಮಧ್ಯಾಹ್ನವೇ. ದಿನಾ ಆಗ ಕಿಟಕಿ ಮುಚ್ಚಿ, ಸೆಟ್ಟಿನ ಮುಂದೆ ದಿಂಬಿಟ್ಟು, ಕಳ್ಳನ ಹಾಗೆ ಬಾರಿಸಿದೆ. ಒಂದು ಭಾನುವಾರ ಬಾಗಿಲು ಬಡಿದ ಸದ್ದು. ಹಾಜಿಯವರು! ಮುಖ ಗಂಟು.

"ಮಾಸ್ಟ್ರೆ, ಉಮ್ಮನಿಗೆ ನಿದ್ದೆ ಇಲ್ಲ."

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದು ಕೇಳಿತು.

"ಇನ್ನೂ ಸಣ್ಣ ಮಾಡ್ತೇನೆ ಹಾಜಿಯವರೆ. ಬೇಕಾದರೆ ಇವತ್ತೇ ಮಾರಿಬಿಡ್ತೇನೆ."

"ಶಬ್ದ ಅಡ್ಡಿಲ್ಲ. ಆದರೆ ದಿನಾ ಅಷ್ಟೇ ಬಾರಿಸಿ ನಡುವಿನಲ್ಲಿ ಬಿಡ್ತೀರಲ್ಲ, ಎಂತದು ಅದು? ಉಮ್ಮ ಮಲಗಿಕೊಂಡು, ಮುಂದಿನದ್ದು ಈಗ ಬರ್ತದೆ, ಈಗ ಬರ್ತದೆ ಅಂತ ಕಾಯ್ತಾರೆ. ನನಗೂ ಈಗ ಅದೇ ರೋಗ." ಮೆಟ್ಟಿಲ ಹತ್ತಿರ ಹೋಗಿ ತಿರುಗಿದರು. "ಪೆರ್ನಾಲ್ ಹಬ್ಬದವರೆಗೆ ಸಮಯ. ಒಂದೋ ಪೂರ್ತಿ ಕಲಿಯಿರಿ, ಇಲ್ಲದಿದ್ದರೆ ಮನೆ ಖಾಲಿ ಮಾಡಿ."

ಬಾತುಕೋಳಿ ಹೋದಂದಿನಿಂದ ಬಾಯಿ ಬಿಡದಿದ್ದ ಹೆಂಡತಿ ಅಡುಗೆಮನೆಯಿಂದ ದಡದಡ ಬಂದಳು. ಕಿಟಕಿ ತೆರೆದಳು. ಸೆಟ್ಟಿನ ಮುಂದಿನ ದಿಂಬನ್ನು ಎತ್ತಿ ಎಸೆದಳು. ಗಿಟಾರನ್ನು ನನ್ನ ತೊಡೆಯ ಮೇಲಿಟ್ಟು ಹೇಳಿದಳು:

"ಹೂಂ, ಜೋರಾಗಿ ಬಾರಿಸಿ!"