ಗುಬ್ಬಿಗೆ ಬಂದ ಗಂಡು

ತುಮಕೂರಿನ ಶಿರಾ ಗೇಟ್ ಬಳಿಯ ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕನಾಗಿದ್ದ ರವೀಶ್ ಆ ಗುರುವಾರ ಹೊಸ ಶರ್ಟು ಹಾಕಿಕೊಂಡಿದ್ದೇ ತಪ್ಪಾಯಿತು. ಹಳೆಯವೆಲ್ಲ ಬಕೆಟ್ಟಿನಲ್ಲಿ ನೆನೆಯುತ್ತಿದ್ದವು.

ಗುಬ್ಬಿಯ ಗಂಗಹನುಮಯ್ಯ ಕುಡಿತ ಬಿಟ್ಟು ಮೂರು ತಿಂಗಳಾಗಿತ್ತು. ಎರಡು ದಿನದಿಂದ ಅವರ ಫೋನ್ ಸ್ವಿಚ್ ಆಫ್. ಮತ್ತೆ ಶುರು ಮಾಡಿಬಿಟ್ಟರೇನೋ ಎಂಬ ಆತಂಕದಲ್ಲಿ ರವೀಶ್ ಬಸ್ಸು ಹತ್ತಿದ. "ನಾನು ಸೆಂಟರ್‌ಗೆ ಬರೋದು ನಮ್ ಬೀದಿಯೋರಿಗೆ ಗೊತ್ತಾದ್ರೆ ಮಾನ ಹೋಯ್ತು ಸಾರ್. ಆಮೇಲೆ ಬಿಟ್ರೇನು, ಕುಡಿದ್ರೇನು" ಎಂದು ಅವರು ಮೊದಲ ದಿನವೇ ಹೇಳಿದ್ದರು. ಗುಟ್ಟು ಬಿಡುವುದಿಲ್ಲವೆಂದು ರವೀಶ್ ಮಾತು ಕೊಟ್ಟಿದ್ದ.

ಬೀದಿಯ ತುದಿಯಲ್ಲೇ ಹೊಂಬಾಳಮ್ಮ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು.

"ಯಾರ ಮನೆಗಪ್ಪಾ?"

"ಗಂಗಹನುಮಯ್ಯೋರ ಮನೆಗೆ."

"ಏನ್ ವಿಷ್ಯ?"

"ಸುಮ್ನೆ. ನೋಡ್ಕೊಂಡು ಹೋಗೋಣ ಅಂತ."

ಹೊಂಬಾಳಮ್ಮ ಅವನ ಮುಖ ನೋಡಿದರು, ಆಮೇಲೆ ಶರ್ಟು ನೋಡಿದರು. ಎದುರು ಮನೆಯತ್ತ ತಿರುಗಿ, "ಓಬಳಯ್ಯ, ಬಾ ಇಲ್ಲಿ. ಗಂಗಹನುಮನ ಮಗಳನ್ನ ನೋಡೋಕೆ ಗಂಡು ಬಂದವ್ನೆ" ಎಂದರು.

ಅಲ್ಲ ಎನ್ನಲು ರವೀಶ್ ಬಾಯಿ ತೆರೆದ. ಅಲ್ಲವಾದರೆ ಮತ್ತೇನು ಎಂದು ಕೇಳುತ್ತಾರಲ್ಲ. ಬಾಯಿ ಮುಚ್ಚಿದ.

ಮನೆ ತಲುಪುವಷ್ಟರಲ್ಲಿ ಅವನ ಹಿಂದೆ ಒಂಬತ್ತು ಜನ, ಒಂದು ಮೇಕೆ. ಬಾಗಿಲಲ್ಲಿ ಗಂಗಹನುಮಯ್ಯ ಹಾಲ್ ಟಿಕೆಟ್ ಮರೆತುಬಂದ ವಿದ್ಯಾರ್ಥಿಯಂತೆ ನಿಂತಿದ್ದರು. ಒಳಗೆ ಕರೆದೊಯ್ಯುವ ನೆಪದಲ್ಲಿ ಕಿವಿಯ ಹತ್ತಿರ ಬಂದು, "ಫೋನು ನೀರಿನ ತೊಟ್ಟಿಗೆ ಬಿತ್ತು ಸಾರ್. ಗಂಡು ಅಂತ್ಲೇ ಇರ್ಲಿ ಬುಡಿ, ಸೆಂಟರ್ ಹೆಸರೆತ್ಬೇಡಿ" ಎಂದು ಪಿಸುಗುಟ್ಟಿದರು.

ಪಕ್ಕದ ಮನೆಯಿಂದ ಕುರ್ಚಿ ಬಂತು, ಅದರ ಪಕ್ಕದ ಮನೆಯಿಂದ ಉಪ್ಪಿಟ್ಟು.

"ಏನ್ ಕೆಲ್ಸ ಮಾಡ್ತೀಯಪ್ಪ?" ಓಬಳಯ್ಯ ಕೇಳಿದರು.

"ಜನರ ಜೊತೆ ಮಾತಾಡೋದು."

"ಅದಕ್ಕೂ ಸಂಬಳ ಕೊಡ್ತಾರಾ? ನಮ್ಮನೇಲಿ ಒಬ್ಳು ಮೂವತ್ತು ವರ್ಷದಿಂದ ಬಿಟ್ಟಿ ಮಾಡ್ತಾವ್ಳೆ."

ಬಂದ ಕೆಲಸ ಮುಗಿಸಲೇಬೇಕಲ್ಲ. ರವೀಶ್ ಎಲ್ಲರ ನಡುವೆಯೇ ಗಂಗಹನುಮಯ್ಯನವರನ್ನು ಕೇಳಿದ: "ಸಂಜೆ ಹೊತ್ತು ಏನ್ಮಾಡ್ತೀರಿ?"

"ಭಜನೆಗೆ ಹೋಗ್ತೀನಿ."

"ಹಳೇ ಸ್ನೇಹಿತರು ಕರೀತಾರಾ?"

"ಕರೆದ್ರೂ ಹೋಗಲ್ಲ."

"ಕೈ ನಡುಗುತ್ತಾ?"

"ಹುಡುಗೀನ ಬಿಟ್ಟು ಮಾವನ್ನೇ ಪರೀಕ್ಷೆ ಮಾಡ್ತಾವ್ನಲ್ಲ" ಎಂದರು ಓಬಳಯ್ಯ.

ಮೂರನೇ ತಟ್ಟೆ ಉಪ್ಪಿಟ್ಟಿಗೆ ರವೀಶನ ಕಣ್ಣು ಮೇಲಾಯಿತು. ಆಗ ಮಗಳು ಯಶಸ್ವಿನಿ ಯಾರಿಗೂ ಕಾಣದಂತೆ ತಟ್ಟೆ ಎತ್ತಿಕೊಂಡು, ಅಲ್ಲೊಂದು ಲೋಟ ಮಜ್ಜಿಗೆ ಇಟ್ಟು ಹೋದಳು. ಅದನ್ನು ಕುಡಿಯುತ್ತ, ನಿಜವಾಗಿ ಗಂಡಾಗಿಯೇ ಬಂದಿದ್ದರೂ ತಪ್ಪೇನಿತ್ತು ಎಂದು ರವೀಶನಿಗೆ ಅನಿಸಿತು. ಎರಡನೇ ಲೋಟಕ್ಕೆ ಆ ಯೋಚನೆ ಗಟ್ಟಿಯಾಯಿತು.

ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹೊಂಬಾಳಮ್ಮ ಏದುಸಿರು ಬಿಡುತ್ತ ಬಂದು ಹುಣಸೆಹಣ್ಣಿನ ಚೀಲ ಕೈಗಿಟ್ಟರು.

"ಗಂಗಹನುಮ ಕುಡಿತ ಬಿಟ್ಟು ಇವತ್ತಿಗೆ ತೊಂಬತ್ತೆರಡು ದಿನ. ಅಲ್ವಾ ಸಾರ್?"

ಯಾರಾದರೂ ಕೇಳಿಸಿಕೊಂಡರೇನೋ ಎಂದು ರವೀಶ್ ಸುತ್ತ ನೋಡಿದ.

"ನಿಮ್ಮಿಬ್ರನ್ನೂ ಸೆಂಟರ್ ಬಾಗ್ಲಲ್ಲಿ ಓಬಳಯ್ಯ ಎಂದೋ ನೋಡವ್ನೆ. ಬೀದಿಯೋರೆಲ್ಲ ದಿನ ಎಣಿಸ್ತಾ ಇದೀವಿ. ನಮಗೆ ಗೊತ್ತು ಅಂತ ಅವ್ನಿಗೆ ಗೊತ್ತಾದ್ರೆ ನಾಚ್ಕೊಂಡು ಮತ್ತೆ ಶುರು ಮಾಡ್ತಾನೆ. ನಿಮ್ ಶರ್ಟ್ ಬೇರೆ ಹೊಸದಾಗಿತ್ತಲ್ಲ, ಗಂಡು ಅಂತ ಸುದ್ದಿ ಎಬ್ಬಿಸ್ದೆ. ನೀವೂ ಬಾಯ್ಬಿಡ್ಬೇಡಿ."

ರವೀಶ್ ತಲೆಯಾಡಿಸಿದ. ಆಮೇಲೆ ಮೆಲ್ಲಗೆ, "ಮತ್ತೆ... ಯಶಸ್ವಿನಿ ಏನಂದ್ರು?"

"ಅವ್ಳಿಗೂ ಎಲ್ಲಾ ಗೊತ್ತು. ಎಷ್ಟು ಚೆನ್ನಾಗಿ ನಟಿಸಿದ್ಳು ಅಲ್ವಾ? ಅವ್ಳಿಗೆ ಅಂತರಸನಹಳ್ಳಿ ಫ್ಯಾಕ್ಟ್ರಿ ಹುಡುಗ ಒಬ್ಬ ಇಷ್ಟ ಕಣಪ್ಪ. ಅಪ್ಪಂಗೆ ಹೇಳೋಕೆ ಭಯ. ಮುಂದಿನ ವಾರ ಅವ್ರಪ್ಪ ಸೆಂಟರ್‌ಗೆ ಬಂದಾಗ ನೀವೇ ನಿಧಾನಕ್ಕೆ ಮಾತಾಡಿ ಒಪ್ಸಿ. ಸಂಬಳ ಕೊಡೋದು ಅದಕ್ಕೇ ತಾನೆ?"

ಬಸ್ಸು ಬಂತು. ರವೀಶ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತ. ತುಮಕೂರು ಬರುವಷ್ಟರಲ್ಲಿ ಹುಣಸೆಹಣ್ಣು ಚೀಲದಿಂದ ಒಸರಿ, ಹೊಸ ಶರ್ಟನ್ನೂ ಬಕೆಟ್ಟಿಗೆ ಹಾಕುವ ಹಾಗಾಗಿತ್ತು.