ಹತ್ತು ಸಾವಿರ ದಾಟದ ಬ್ಯೂಕ್

ಮಾವನವರ ಬ್ಯೂಕ್ ಕಾರನ್ನು ನಾನೇ ಮಾರಿಕೊಡುತ್ತೇನೆ, ಅದೂ ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟುಕೊಳ್ಳುವ ಹಾಗೆ ಮಾರುತ್ತೇನೆ ಎಂದು ನಾನು ಊಟದ ಮೇಜಿನಲ್ಲಿ ಘೋಷಿಸಿದಾಗ, ನನ್ನ ಹೆಂಡತಿ ಮಾರ್ಲಿಸ್ ಆಲೂಗಡ್ಡೆ ಬಡಿಸುವುದನ್ನು ನಿಲ್ಲಿಸಿ ಅವಳಪ್ಪನ ಮುಖ ನೋಡಿದಳು. ಮಾವ ಆರ್ವಿಡ್ "ಹೂಂ" ಎಂದರು.

ಈ "ಹೂಂ" ಸಾಮಾನ್ಯದ್ದಲ್ಲ ಸ್ವಾಮಿ! ಬೇರೆಯವರ ಮಾವಂದಿರು ಕೂಗಾಡುತ್ತಾರೆ, ಬಾಗಿಲು ಬಡಿಯುತ್ತಾರೆ. ನಮ್ಮ ಮಾವ ಹೂಂ ಎನ್ನುತ್ತಾರೆ. ಅವರ ದೋಣಿಯ ಮೋಟಾರನ್ನು ನಾನು ಕೆರೆಯ ತಳಕ್ಕೆ ಕಳಿಸಿದಾಗ ಹೂಂ ಎಂದಿದ್ದರು. ಮಗಳನ್ನು ಕೊಡಿ ಎಂದು ಕೇಳಿದಾಗಲೂ ಹೂಂ ಎಂದಿದ್ದರು. ಅದು ಒಪ್ಪಿಗೆಯೋ ಬೈಗುಳವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಾರ್ಲಿಸ್ ಒಪ್ಪಿಗೆ ಎಂದಳು, ಮದುವೆಯಾದೆ.

ಕಾರಿನ ವಿಷಯಕ್ಕೆ ಬರೋಣ. ಎಪ್ಪತ್ತೆರಡರ ಮಾಡೆಲ್, ನಾಲ್ಕು ಬಾಗಿಲು, ಅಪ್ಪಟ ಕಪ್ಪು. ಉದ್ದ ಎಷ್ಟೆಂದರೆ, ಮೂತಿ ಗ್ಯಾರೇಜಿನಿಂದ ಹೊರಟು ಬೀದಿ ತಿರುಗಿದರೂ ಬಾಲ ಇನ್ನೂ ಮನೆಯವರಿಗೆ ಟಾಟಾ ಮಾಡುತ್ತಿರಬೇಕು! ಮಾವ ಅದಕ್ಕೆ ಎರಡು ಕಂಬಳಿ ಹೊದಿಸಿ ಇಪ್ಪತ್ತಾರು ವರ್ಷ ಮಲಗಿಸಿದ್ದರು. ನಮ್ಮ ಮಿನ್ನೆಸೋಟಾದಲ್ಲಿ ಹಿಮ ಕರಗಲಿ ಎಂದು ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಆ ಉಪ್ಪಿನ ಒಂದು ಹರಳನ್ನೂ ಅದರ ಚಕ್ರ ಕಂಡಿರಲಿಲ್ಲ. ಹಿಮವಿಲ್ಲದ ತಿಂಗಳುಗಳಲ್ಲಿ ಭಾನುವಾರ ಚರ್ಚಿಗೆ, ಜುಲೈಯಲ್ಲಿ ಊರ ಮೆರವಣಿಗೆಗೆ, ಅಷ್ಟೇ. ಮೀಟರ್ ಒಂಬತ್ತು ಸಾವಿರದ ಒಂಬೈನೂರ ಎಂಬತ್ತೆಂಟು ಮೈಲಿ ತೋರಿಸುತ್ತಿತ್ತು. "ಹತ್ತು ಸಾವಿರ ದಾಟಿಲ್ಲ" ಎಂದು ಮಾವ ದಿನಾ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಹೇಳುತ್ತಿದ್ದರು. ಅವರಿಗೆ ಇದ್ದ ಒಂದೇ ಜಂಬ ಅದು.

ಈಗ ಅವರ ಕಣ್ಣು ಮಂಜಾಗಿತ್ತು, ಲೈಸೆನ್ಸ್ ಹೋಗಿತ್ತು. ಕೊಳ್ಳಲು ಬರುವವನು ಮಿಲ್ವಾಕಿಯ ಡ್ವೇನ್ ಪೆಟ್ರಿ. ಹತ್ತು ಸಾವಿರದೊಳಗೆ ಓಡಿದ ಹಳೇ ಕಾರುಗಳನ್ನು ಮಾತ್ರ ಕೊಂಡು, ದೊಡ್ಡ ಕೊಟ್ಟಿಗೆಯಲ್ಲಿ ದೇವರ ಹಾಗೆ ಇಟ್ಟುಕೊಳ್ಳುವ ಆಸಾಮಿ. ಒಂದು ಮೈಲಿ ಹೆಚ್ಚಾದರೂ ನನಗೆ ಬೇಡ ಎಂದು ಫೋನಿನಲ್ಲೇ ಹೇಳಿದ್ದ. ಶನಿವಾರ ಮಧ್ಯಾಹ್ನ ಬರುವವನಿದ್ದ.

ಶನಿವಾರ ಬೆಳಿಗ್ಗೆ ನಾನು ನನ್ನ ಒಂದೇ ಒಂದು ಕಪ್ಪು ಸೂಟು ಹಾಕಿಕೊಂಡು ಸಿದ್ಧನಾದೆ. ವ್ಯಾಪಾರಿ ಎಂದರೆ ವ್ಯಾಪಾರಿಯ ಹಾಗೆ ಕಾಣಬೇಡವೇ!

"ಕಾರು ಗ್ಯಾರೇಜಲ್ಲೇ ಇರ್ಲಿ ಬಿಡ್ರೀ. ಬಂದೋನು ನೋಡ್ಕೊಳ್ತಾನೆ" ಎಂದಳು ಮಾರ್ಲಿಸ್.

"ಬಂಕಿಗೆ ಹೋಗಿ ಪೆಟ್ರೋಲ್ ಹಾಕ್ಸಿ, ಒಂದು ಸ್ನಾನ ಮಾಡ್ಸಿ ತರ್ತೀನಿ ಕಣೇ. ಹೋಗೋಕೆ ಒಂದು, ಬರೋಕೆ ಒಂದು, ಒಟ್ಟು ಎರಡು ಮೈಲಿ. ಎರಡು ಮೈಲಿಯಲ್ಲಿ ಏನಾಗುತ್ತೆ?"

"ನೀವು ಹೋಗ್ತಿದ್ದೀರಲ್ಲ, ಏನಾದ್ರೂ ಆಗುತ್ತೆ."

ಮಾವ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾವೇ ಮಡಚಿದರು. ಅಳಿಯನಾದ ಮೇಲೆ ಆ ಕೀಲಿ ಮುಟ್ಟಿದ್ದು ಅದೇ ಮೊದಲು. "ಹತ್ತು ಸಾವಿರ ದಾಟಬಾರದು, ವೆಂಡೆಲ್" ಎಂದರು. ಅವರು ನನಗೆ ಅಲ್ಲಿಯವರೆಗೆ ಹೇಳಿದ್ದರಲ್ಲೇ ಉದ್ದನೆಯ ವಾಕ್ಯ ಅದು.

ಹೊರಡುವ ಮುಂಚೆ ದೀಪ ಹತ್ತುತ್ತವೆಯೇ ಎಂದು ಪರೀಕ್ಷಿಸಿದೆ. ಹತ್ತಿದವು. ಆರಿಸುವುದನ್ನು ಮರೆತೆ. ಹೀಗೆ ಕಪ್ಪು ಕಾರು, ಕಪ್ಪು ಸೂಟು, ಹಾಡುಹಗಲಲ್ಲಿ ಉರಿಯುವ ಹೆಡ್‌ಲೈಟು, ಭಯದಿಂದ ಬಿಗಿದುಕೊಂಡ ನನ್ನ ಮುಖ, ಎಲ್ಲ ಸೇರಿ ನಾನು ಮುಖ್ಯ ಬೀದಿಯಲ್ಲಿ ಆಮೆಯಂತೆ ಬರುವಾಗ, ಶವಸಂಸ್ಕಾರದ ಮನೆಯ ಮುಂದೆ ಬಿಳಿ ಕೈಗವಸಿನವನೊಬ್ಬ ನನ್ನನ್ನು ಕಂಡವನೇ ತಲೆ ಬಾಗಿಸಿ, ಬಾ ಎಂದು ಕೈ ಬೀಸಿದ. ಮುಂದೆ ಶವದ ವಾಹನ, ಹಿಂದೆ ಸಾಲು ಸಾಲು ಕಾರು, ನಮ್ಮ ಕಡೆಯ ಶವಯಾತ್ರೆಯ ರೂಢಿಯಂತೆ ಎಲ್ಲದಕ್ಕೂ ಹಗಲಲ್ಲೇ ದೀಪ. ನಾನು ಅಲ್ಲ ಅಲ್ಲ ಎಂದು ತಲೆಯಾಡಿಸಿದೆ. ಪಾಪ, ಅವನು ಅದನ್ನು ದುಃಖ ಎಂದುಕೊಂಡ. ಶವಯಾತ್ರೆಯ ಗುರುತಾದ ಅಯಸ್ಕಾಂತದ ಪುಟ್ಟ ಬಾವುಟವೊಂದನ್ನು ಬ್ಯೂಕಿನ ಮೂತಿಗೆ ಟಪ್ ಎಂದು ಅಂಟಿಸಿದ. ಆ ಬಣ್ಣಕ್ಕೆ ಮಾವ ಬೆರಳು ಸಹ ತಾಗಿಸುತ್ತಿರಲಿಲ್ಲ!

ಶವಯಾತ್ರೆ ಬಿಟ್ಟು ಹೊರಬರುವುದೆಂದರೆ ನಮ್ಮ ಕಡೆ ಹುಡುಗಾಟವಲ್ಲ. ಪೊಲೀಸಿನವನು ಅಡ್ಡ ರಸ್ತೆ ತಡೆದು ಸೆಲ್ಯೂಟ್ ಹೊಡೆಯುತ್ತಾನೆ. ಎದುರಿನ ಲಾರಿ ಪಕ್ಕಕ್ಕೆ ನಿಲ್ಲುತ್ತದೆ, ರೈತ ಟೋಪಿ ತೆಗೆಯುತ್ತಾನೆ. ಇಂಥದ್ದರ ನಡುವೆ ಹಾರ್ನ್ ಹೊಡೆದು "ನಾನು ಪೆಟ್ರೋಲಿಗೆ ಬಂದವನು" ಎನ್ನಲಾದೀತೇ? ಬೆವರುತ್ತಾ ಹೋದೆ. ಪೆಟ್ರೋಲ್ ಬಂಕು ಬಂತು. ಈಗಿಲ್ಲದಿದ್ದರೆ ಇನ್ನಿಲ್ಲ ಎಂದು ಧೈರ್ಯ ಮಾಡಿ ಸರಕ್ಕನೆ ಒಳಗೆ ತಿರುಗಿಸಿ ನಿಟ್ಟುಸಿರುಬಿಟ್ಟೆ.

ಕನ್ನಡಿಯಲ್ಲಿ ನೋಡುತ್ತೇನೆ, ಹಿಂದಿನ ವ್ಯಾನೂ ಬಂಕಿನೊಳಗೆ ತಿರುಗಿತು. ಅದರ ಹಿಂದಿನದೂ. ಅದರ ಹಿಂದಿನದೂ! ಇಡೀ ಸಾಲು, ದೀಪ ಉರಿಸಿಕೊಂಡು, ಗಂಭೀರವಾಗಿ, ನನ್ನ ಹಿಂದೆ ಪೆಟ್ರೋಲ್ ಪಂಪುಗಳ ಸುತ್ತ ಪ್ರದಕ್ಷಿಣೆ ಬಂತು. ಶವದ ವಾಹನವೊಂದೇ ಏನೂ ತಿಳಿಯದೆ ಮುಂದೆ ಹೋಗಿ ಗುಡ್ಡದಾಚೆ ಮರೆಯಾಯಿತು.

ಆಗ ನನಗೆ ಹುಟ್ಟಿದ ಭಯವನ್ನು ಹೇಗೆ ಹೇಳಲಿ! ಸತ್ತವರು ಯಾರೋ ಗೊತ್ತಿಲ್ಲ, ಹೂಳುವುದೆಲ್ಲೋ ಗೊತ್ತಿಲ್ಲ. ಹಿಂದಿನ ವ್ಯಾನಿನಲ್ಲಿ ಶವಪೆಟ್ಟಿಗೆ ಹೊರುವ ಆರೂ ಜನ ಕೂತಿದ್ದಾರೆ. ಅವರು ಬರದೆ ಅಲ್ಲಿ ಹೂಳುವಂತಿಲ್ಲ, ನಾನು ಹೋಗದೆ ಇವರು ಬರುವಂತಿಲ್ಲ. ಇಳಿದು ಹೋಗಿ ಕೇಳಬೇಕಿತ್ತು, ಒಪ್ಪುತ್ತೇನೆ. ಕೇಳಲು ನಾಲಿಗೆ ಏಳಲಿಲ್ಲ. ನೇರ ಉತ್ತರಕ್ಕೆ, ನಾರ್ವೆ ಮೂಲದವರ ಚರ್ಚಿನ ಸ್ಮಶಾನಕ್ಕೆ ನಡೆಸಿದೆ. ಜೋಳದ ಹೊಲಗಳ ನಡುವೆ ಮೀಟರಿನ ಅಂಕಿ ಒಂದೊಂದಾಗಿ ಮೇಲೇಳುತ್ತಿತ್ತು. ಪ್ರತಿ ಅಂಕಿಗೂ ಕಿವಿಯಲ್ಲಿ ಒಂದು "ಹೂಂ" ಕೇಳಿಸುತ್ತಿತ್ತು.

ಸ್ಮಶಾನದಲ್ಲಿ ಒಂದು ಹಸು ಬಿಟ್ಟರೆ ಯಾರೂ ಇರಲಿಲ್ಲ. ಎಲ್ಲರೂ ಇಳಿದು, ಕೈಕಟ್ಟಿ, ಸುತ್ತ ನೋಡಿದರು. ಒಬ್ಬರಾದರೂ ಬೈಯಬೇಕಲ್ಲ? ಬೈಯಲಿಲ್ಲ. ಬೈದರೆ ನಮ್ಮವರೇ ಅಲ್ಲ. ಕೊನೆಗೆ ಪೆಟ್ಟಿಗೆ ಹೊರುವವರಲ್ಲಿ ಹಿರಿಯನೊಬ್ಬ ನನ್ನ ಕಿಟಕಿಗೆ ಬಗ್ಗಿದ.

"ಜಾಗ ಚೆನ್ನಾಗಿದೆ. ಗಾಳಿ ಬೆಳಕು ಎಲ್ಲ ಇದೆ" ಎಂದ. ಟೋಪಿ ಸರಿಮಾಡಿಕೊಂಡು, "ಆದ್ರೆ ನಮ್ಮ ಹುಲ್ಡಾ ಸ್ವೀಡನ್ನಿನ ಕಡೆಯೋಳು. ಬದುಕಿದ್ದಾಗಲೇ ನಾರ್ವೆಯವರ ಪಕ್ಕ ಕೂತೋಳಲ್ಲ" ಎಂದ.

ಸ್ವೀಡನ್ನಿನವರ ಸ್ಮಶಾನ ಊರಿನ ದಕ್ಷಿಣಕ್ಕಿದೆ! ಇಡೀ ಮೆರವಣಿಗೆಯನ್ನು ಹಿಂದಕ್ಕೆ ತಿರುಗಿಸಿ, ಊರು ದಾಟಿ, ಮತ್ತೆ ಹೊಲಗಳ ನಡುವೆ ಓಡಿಸಿದೆ. ಪಾದ್ರಿ ಗೇಟಿನಲ್ಲಿ ಗಡಿಯಾರ ನೋಡುತ್ತ ನಿಂತಿದ್ದು ಕಾಣುವ ಹೊತ್ತಿಗೆ ಮೀಟರಿನ ಒಂಬತ್ತುಗಳೆಲ್ಲ ಒಟ್ಟಿಗೆ ಮಗ್ಗುಲು ಬದಲಿಸಿದವು. ಒಂದು, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತುಬಿಟ್ಟೆ.

ಹುಲ್ಡಾಳ ತಂಗಿ ಓಡಿಬಂದು ಕರವಸ್ತ್ರ ಕೊಟ್ಟು, ನನ್ನನ್ನು ತಬ್ಬಿ ಸಮಾಧಾನ ಮಾಡಿದಳು. ಹತ್ತು ಸಾವಿರ, ಹತ್ತು ಸಾವಿರ ಎಂದು ನಾನು ಬಿಕ್ಕಿದೆ. ಹೌದಪ್ಪ, ಹತ್ತು ಸಾವಿರಕ್ಕೊಬ್ಬಳು ನಮ್ಮಕ್ಕ ಎಂದು ಅವಳೂ ಅತ್ತಳು. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಹಂದಿಮಾಂಸದ ಸ್ಯಾಂಡ್‌ವಿಚ್. ನಮ್ಮ ಪದ್ಧತಿಯಂತೆ ಬೇಡ ಬೇಡ ಎಂದು ಸಾಕಷ್ಟು ಸಲ ಹೇಳಿದ ಮೇಲೆ ತಿಂದೆ. ಮನೆಗೆ ಹೋಗಲು ಹೆದರಿ ಆದಷ್ಟು ನಿಧಾನವಾಗಿ ತಿಂದೆ.

ಮನೆಯ ಅಂಗಳದಲ್ಲಿ ಡ್ವೇನ್ ಪೆಟ್ರಿ, ಮಾವ, ಮಾರ್ಲಿಸ್ ಮೂವರೂ ನಿಂತಿದ್ದರು. ಬ್ಯೂಕಿನ ಮೂತಿಯ ಮೇಲಿನ ಬಾವುಟ ನೋಡಿ ಮಾರ್ಲಿಸ್ ಬಿಳುಚಿಕೊಂಡಳು.

"ರೀ, ಯಾರು ಹೋದ್ರು?"

"ಸದ್ಯಕ್ಕೆ ಹುಲ್ಡಾ. ಮುಂದಿನ ಸರದಿ ನಂದು" ಎಂದೆ.

ಡ್ವೇನ್ ಒಳಗೆ ಬಗ್ಗಿ ಮೀಟರ್ ನೋಡಿದ. ಮಾವನ ಕೈ ಕುಲುಕಿ, ಕ್ಷಮಿಸಿ ಎಂದು ಹೇಳಿ, ಮಿಲ್ವಾಕಿಯ ದಾರಿ ಹಿಡಿದ. ಮಾರ್ಲಿಸ್ ಒಳಗೆ ಹೋದಳು. ಅಂಗಳದಲ್ಲಿ ನಾನು, ಮಾವ, ಬ್ಯೂಕ್. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಕಣ್ಣು ಮುಚ್ಚಿ, ಆ "ಹೂಂ" ಬೀಳುವುದನ್ನು ಕಾಯುತ್ತ ನಿಂತೆ.

ಅದು ಬೀಳಲಿಲ್ಲ. ಮಾವ ಕಾರಿನ ಬೆಚ್ಚಗಿನ ಬಾನೆಟ್ಟಿನ ಮೇಲೆ ಕೈಯಿಟ್ಟರು.

"ದೊಡ್ಡ ರಸ್ತೆಯಲ್ಲಿ ಹೇಗೆ ಓಡ್ತು?"

"ಬೆಣ್ಣೆ ಥರ, ಮಾವ."

"ನಾನು ಒಂದ್ಸಲವೂ ಅಲ್ಲಿಗೆ ಒಯ್ಯಲಿಲ್ಲ. ಹತ್ತು ಸಾವಿರ ದಾಟುತ್ತೆ ಅಂತ ಹೆದರಿಕೆ." ಬಾನೆಟ್ಟನ್ನು ಮೆಲ್ಲಗೆ ಸವರಿದರು. "ಇಪ್ಪತ್ತಾರು ವರ್ಷ ಹೆದರ್ಕೊಂಡೇ ಇದ್ದೆ ಕಣಪ್ಪ. ಇನ್ನು ಮಾರೋದು ಬೇಡ. ನಾನು ಹೋದ ದಿನ ನನ್ನ ಹಿಂದೆ ಮೊದಲನೇ ಕಾರು ಇದೇ ಇರ್ಲಿ."

ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಕಣಪ್ಪ ಎಂದದ್ದು ಅದೇ ಮೊದಲು. ಅವರ ಎರಡೂ ಕೈ ಹಿಡಿದುಕೊಂಡು, "ನಾನೇ ಓಡಿಸ್ತೀನಿ ಮಾವ, ಮಾತು ಕೊಡ್ತೀನಿ" ಎಂದೆ.

ಮಾವ ಮೆಲ್ಲಗೆ ಕೈ ಬಿಡಿಸಿಕೊಂಡು, ಮೂತಿಯ ಮೇಲಿನ ಬಾವುಟವನ್ನು ಕಿತ್ತು ನನ್ನ ಕೈಗೆ ಕೊಟ್ಟರು.

"ಬೇಡ" ಎಂದರು. "ಮಾರ್ಲಿಸ್ ಓಡಿಸ್ಲಿ. ಅವತ್ತೇ ಹೂಳಿಸ್ಕೋಬೇಕು ಅಂತ ನಂಗಾಸೆ."